ನಾಣ್ಯದ ಜೊತೆ ಬಂದ ಚೀಟಿಯನ್ನು ಬಿಸಾಡಬೇಡಿ

ಸಂಪಾದಕರಿಗೆ ನಮಸ್ಕಾರ.

ಪ್ರಾಚೀನ ರೋಮನ್ ನಾಣ್ಯಗಳ ಸಂಗ್ರಹದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಯಾವ ಚಕ್ರವರ್ತಿಯ ಕಾಲದ್ದು, ಯಾವ ಲೋಹ, ಎಷ್ಟು ಅಪರೂಪ, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಎಲ್ಲವೂ ಇತ್ತು. ಓದೋಕೆ ಖುಷಿಯೂ ಆಯಿತು. ಆದರೆ ಒಂದು ಪ್ರಶ್ನೆ ಅದರಲ್ಲಿ ಎಲ್ಲೂ ಬರಲೇ ಇಲ್ಲ. ಆ ನಾಣ್ಯ ಇಷ್ಟು ಕಾಲ ಯಾರ ಹತ್ತಿರ ಇತ್ತು? ಮಣ್ಣಿಂದ ಮೇಲೆ ಬಂದದ್ದು ಯಾವಾಗ, ಆಮೇಲೆ ಯಾರ ಯಾರ ಕೈ ದಾಟಿತು? ಸಂಗ್ರಹಕಾರರಲ್ಲೂ ಜಾಸ್ತಿ ಜನ ಇದನ್ನು ಕೇಳುವುದಿಲ್ಲ. ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ, ಅದಕ್ಕೇ ಈ ಪತ್ರ.

ರೋಮನ್ ನಾಣ್ಯ ಕೂಡಿಡುವುದು ಹೊಸ ಹವ್ಯಾಸ ಅಲ್ಲ. 1354ರಲ್ಲೇ ಕವಿ ಪೆಟ್ರಾರ್ಕ್ ಇಟಲಿಯ ಮಾಂಟುವಾದಲ್ಲಿ ದೊರೆ ನಾಲ್ಕನೇ ಚಾರ್ಲ್ಸ್‌ನನ್ನು ಕಂಡಾಗ, ಹಳೇ ರೋಮನ್ ಚಕ್ರವರ್ತಿಗಳ ಮುಖವಿದ್ದ ನಾಣ್ಯಗಳನ್ನು ಕಾಣಿಕೆಯಾಗಿ ಕೊಟ್ಟಿದ್ದ. ಅಂದರೆ ಇವತ್ತು ಮಾರಾಟಕ್ಕೆ ಬರುವ ಕೆಲವು ನಾಣ್ಯಗಳು ನೆಲದಿಂದ ಹೊರಗೆ ಬಂದು ನಾಲ್ಕೈದು ನೂರು ವರ್ಷಗಳೇ ಆಗಿರಬಹುದು. ಪೋಪರು, ರಾಜಮನೆತನಗಳು, ಮಠಗಳು, ವಕೀಲರು, ವ್ಯಾಪಾರಿಗಳು ಎಲ್ಲರೂ ಅವನ್ನು ಇಟ್ಟುಕೊಂಡಿದ್ದರು, ಮಾರಿದ್ದರು, ಮಕ್ಕಳಿಗೆ ಬಿಟ್ಟಿದ್ದರು. ಇಟಲಿಯ ಎಸ್ತೆ ಮನೆತನದ ಸಂಗ್ರಹದ್ದು ಎಂದು ಹೇಳುವ ಕೆಲವು ಕಂಚಿನ ನಾಣ್ಯಗಳ ಮೇಲೆ ಪುಟ್ಟದೊಂದು ಬೆಳ್ಳಿಯ ಹದ್ದನ್ನೇ ಕೂರಿಸಿದ್ದಾರೆ. ನಾಣ್ಯಕ್ಕೆ ಹಾಗೆ ಗಾಯ ಮಾಡಿದ್ದು ತಪ್ಪೋ ಸರಿಯೋ, ಇವತ್ತು ಅದನ್ನು ನೋಡಿದವರಿಗೆ ಯಾವ ಮನೆಯಿಂದ ಬಂತು ಎಂಬ ಸುಳಿವಂತೂ ಸಿಗುತ್ತದೆ. ಉಳಿದ ನಾಣ್ಯಗಳಿಗೆ ಅಂಥ ಗುರುತಿಲ್ಲ. ಅವುಗಳ ಜಾಡನ್ನು ನಾವೇ ಹಿಡಿಯಬೇಕು.

ಹಿಡಿಯಬಹುದೇ ಅಂತ ಕೇಳುವವರಿದ್ದಾರೆ. ಖಂಡಿತ ಹಿಡಿಯಬಹುದು, ಯಾಕೆಂದರೆ ರೋಮನ್ ನಾಣ್ಯ ಯಂತ್ರದಲ್ಲಿ ಹುಟ್ಟಿದ್ದಲ್ಲ. ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲೊಂದು ಅಚ್ಚು ಹಿಡಿದು, ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ಒಂದೇ ಆದರೂ ಬಿಲ್ಲೆ ಪ್ರತಿ ಸಲ ಬೇರೆ. ಒಂದರಲ್ಲಿ ಚಿತ್ರ ಎಡಕ್ಕೆ ಸರಿದಿರುತ್ತದೆ, ಇನ್ನೊಂದರಲ್ಲಿ ಅಂಚು ಸೀಳಿರುತ್ತದೆ, ಮತ್ತೊಂದರಲ್ಲಿ ಕೊನೇ ಎರಡು ಅಕ್ಷರ ಬಿಲ್ಲೆಯ ಆಚೆ ಹೋಗಿರುತ್ತವೆ. ಚಕ್ರವರ್ತಿಗಳಿಗೂ ಮೊದಲಿನ ಗಣರಾಜ್ಯ ಕಾಲದ ಬೆಳ್ಳಿ ನಾಣ್ಯಗಳ ಮೇಲಂತೂ ಬೆಳ್ಳಿ ಅಸಲಿಯೋ ಎಂದು ನೋಡಿದವರು ಒತ್ತಿದ ಚಿಕ್ಕ ಚಿಕ್ಕ ಮುದ್ರೆಗಳೂ ಇರುತ್ತವೆ. ಇವೆಲ್ಲ ಸೇರಿ ಒಂದೊಂದು ನಾಣ್ಯಕ್ಕೂ ಅದರದೇ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಒಳ್ಳೆಯ ಫೋಟೋ ಒಂದು ಸಿಕ್ಕರೆ ಸಾಕು, ಇದು ಅದೇ ನಾಣ್ಯ ಎಂದು ಧೈರ್ಯವಾಗಿ ಹೇಳಬಹುದು.

ಅಂಥ ಫೋಟೋಗಳು ಇವೆ. 1800ರ ದಶಕಗಳ ಕೊನೆಯಿಂದ ಪ್ಯಾರಿಸ್, ಲಂಡನ್, ಮ್ಯೂನಿಕ್, ಫ್ರಾಂಕ್‌ಫರ್ಟ್, ಆಮೇಲೆ ಜಿನೀವಾ, ಲುಗಾನೋ, ಬಾಸೆಲ್, ಜ್ಯೂರಿಕ್‌ಗಳ ಹರಾಜು ಸಂಸ್ಥೆಗಳು ಕ್ಯಾಟಲಾಗ್‌ಗಳ ಹಿಂದೆ ಚಿತ್ರದ ಪುಟಗಳನ್ನು ಹಾಕುತ್ತಾ ಬಂದವು. ಒಂದು ಮುಖ್ಯ ವಿಷಯ ಇಲ್ಲಿ ಗೊತ್ತಿರಬೇಕು. ಆ ಕಾಲದ ಬಹಳಷ್ಟು ಚಿತ್ರಗಳು ನಾಣ್ಯದ ಫೋಟೋಗಳಲ್ಲ. ನಾಣ್ಯದಿಂದ ಪ್ಲಾಸ್ಟರ್ ಪಡಿಯಚ್ಚು ತೆಗೆದು, ಅವನ್ನು ಸಾಲಾಗಿ ಹಲಗೆಗೆ ಅಂಟಿಸಿ, ಅದರ ಫೋಟೋ ತೆಗೆಯುತ್ತಿದ್ದರು. ಹಾಗಾಗಿ ಚಿತ್ರದಲ್ಲಿ ಬಣ್ಣ ಇಲ್ಲ, ಹೊಳಪಿಲ್ಲ, ಕಪ್ಪು ಕಲೆ ಇಲ್ಲ. ಇವತ್ತಿನ ಬಣ್ಣದ ಫೋಟೋ ಪಕ್ಕದಲ್ಲಿ ಇಟ್ಟರೆ ಮೊದಲ ನೋಟಕ್ಕೆ ಬೇರೆಯೇ ನಾಣ್ಯ ಅನಿಸುತ್ತದೆ. ಬೆಳಕು ಬೇರೆ ಕಡೆಯಿಂದ ಬಿದ್ದಿದ್ದರೆ ಮೂಗು, ಗಲ್ಲ ಕೂಡ ಬದಲಾದಂತೆ ಕಾಣುತ್ತದೆ. ಮುಖ ನೋಡಿ ಹೋಲಿಸುವವರು ಇಲ್ಲೇ ಎಡವುತ್ತಾರೆ. ನೋಡಬೇಕಾದ್ದು ಅಂಚನ್ನು. ಬಿಲ್ಲೆಯ ಆಕಾರ ಹೇಗಿದೆ, ಚುಕ್ಕಿಗಳ ವೃತ್ತ ಎಲ್ಲಿ ಅಂಚಿಗೆ ತಾಗುತ್ತದೆ, ಯಾವ ಅಕ್ಷರ ಅರ್ಧ ಕತ್ತರಿಸಿದೆ, ಸೀಳು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ. ಮುಂಬದಿಯಲ್ಲಿ ಹೊಂದಿದ್ದು ಹಿಂಬದಿಯಲ್ಲೂ ಹೊಂದಬೇಕು. ತೂಕವನ್ನೂ ನೋಡಬೇಕು. ಹಳೇ ಇಂಗ್ಲಿಷ್ ಕ್ಯಾಟಲಾಗ್‌ಗಳಲ್ಲಿ ತೂಕ ಗ್ರೇನ್‌ಗಳಲ್ಲಿರುತ್ತದೆ, ಒಂದು ಗ್ರೇನ್ ಅಂದರೆ 0.0648 ಗ್ರಾಂ. ಸ್ವಲ್ಪ ಕಡಿಮೆ ಬಂದರೆ ನಡುವೆ ಯಾರೋ ಸ್ವಚ್ಛ ಮಾಡಿರಬಹುದು. ಹಳೇ ಪುಸ್ತಕದಲ್ಲಿದ್ದುದಕ್ಕಿಂತ ತೂಕ ಜಾಸ್ತಿ ಬಂದರೆ ಮಾತ್ರ ಹೋಲಿಕೆಯನ್ನು ಮತ್ತೆ ಮೊದಲಿಂದ ಮಾಡಿ.

ಈ ಕ್ಯಾಟಲಾಗ್‌ಗಳಿಗಾಗಿ ಮೊದಲು ದೊಡ್ಡ ಗ್ರಂಥಾಲಯಗಳಿಗೇ ಹೋಗಬೇಕಿತ್ತು. ಈಗ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಂಥವರು ಹಳೇ ಹರಾಜು ಕ್ಯಾಟಲಾಗ್‌ಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ. ಗಣರಾಜ್ಯ ಕಾಲದ ನಾಣ್ಯಗಳಿಗೆ ಇನ್ನೊಂದು ದೊಡ್ಡ ಅನುಕೂಲ ಇದೆ. ರಿಚರ್ಡ್ ಶೇಫರ್ ಎನ್ನುವವರು ದಶಕಗಳ ಕಾಲ ಹರಾಜು ಕ್ಯಾಟಲಾಗ್‌ಗಳಿಂದ ನಾಣ್ಯಗಳ ಚಿತ್ರ ಕತ್ತರಿಸಿ, ಅಚ್ಚಿನ ಪ್ರಕಾರ ಜೋಡಿಸಿಟ್ಟಿದ್ದರು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿ ರೋಮನ್ ಗಣರಾಜ್ಯದ ಅಚ್ಚುಗಳ ಯೋಜನೆ ನಡೆಸುತ್ತಿದೆ. ಅಚ್ಚುಗಳ ಅಧ್ಯಯನಕ್ಕೆಂದು ಮಾಡಿದ್ದು ಅದು. ಆದರೆ ನಾಣ್ಯದ ಹಳೇ ಮಾಲೀಕರನ್ನು ಹುಡುಕುವವರಿಗೆ ಅಷ್ಟೇ ಉಪಯೋಗ, ಯಾಕೆಂದರೆ ಒಂದೇ ಅಚ್ಚಿನ ನಾಣ್ಯಗಳೆಲ್ಲ ಒಂದೇ ಕಡೆ ಸಿಗುತ್ತವೆ, ಅವುಗಳಲ್ಲಿ ನಮ್ಮದು ಇದೆಯಾ ಅಂತ ನೋಡಿದರೆ ಆಯಿತು.

ಈ ಸರಪಳಿ ಎಷ್ಟು ಚೆನ್ನಾಗಿ ಸಿಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಫ್ರಾನ್ಸ್‌ನ ಗುಸ್ತಾವ್ ದ ಪೊಂತೋ ದಾಮೆಕೂರ್ ರೋಮನ್ ಚಿನ್ನದ ನಾಣ್ಯಗಳ ಬಹಳ ದೊಡ್ಡ ಸಂಗ್ರಹ ಮಾಡಿದ್ದರು. (ಹೆಲಿಕಾಪ್ಟರ್ ಎಂಬ ಹೆಸರನ್ನು 1861ರಲ್ಲಿ ಹುಟ್ಟಿಸಿದವರೂ ಇವರೇ.) 1887ರಲ್ಲಿ ಅವರ ನಾಣ್ಯಗಳು ಪ್ಯಾರಿಸ್‌ನಲ್ಲಿ ಹರಾಜಾದವು. ಅವುಗಳಲ್ಲಿ ಎಷ್ಟೋ ನಾಣ್ಯ ಲಂಡನ್ನಿನ ವಕೀಲ ಹೈಮನ್ ಮಾಂಟೇಗು ಕೈಗೆ ಬಂದವು. ಮಾಂಟೇಗು ತೀರಿಕೊಂಡ ಮೇಲೆ 1896ರಲ್ಲಿ ಅವರ ರೋಮನ್ ಚಿನ್ನವೂ ಪ್ಯಾರಿಸ್‌ನಲ್ಲೇ ಹರಾಜಾಯಿತು. ಇವತ್ತು ಆ ಎರಡೂ ಪುಸ್ತಕಗಳಲ್ಲಿ ಒಂದೇ ನಾಣ್ಯದ ಚಿತ್ರ ಕಂಡರೆ, ಆ ಔರಿಯಸ್ (ರೋಮನ್ ಚಿನ್ನದ ನಾಣ್ಯ) ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಎಲ್ಲರ ಕಣ್ಣೆದುರೇ ಇದೆ ಎಂದಾಯಿತು. ಕ್ರೀಟ್ ದ್ವೀಪದ ಪ್ರಾಚೀನ ಅರಮನೆ ಕ್ನೋಸೋಸ್ ಅಗೆದ ಸರ್ ಆರ್ಥರ್ ಎವಾನ್ಸ್ ಕೂಡ ಇಂಥ ಸಂಗ್ರಹಕಾರರು. ಅವರ ರೋಮನ್ ಚಿನ್ನ 1934ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಮಾರಾಟವಾಯಿತು. ಅಂಥವರು ಕೈಯಲ್ಲಿ ಹಿಡಿದು, ತಿರುಗಿಸಿ, ಟಿಪ್ಪಣಿ ಬರೆದ ನಾಣ್ಯ ಇದು ಎಂದು ಗೊತ್ತಾಗುವುದು ಸಣ್ಣ ಸಂತೋಷ ಅಲ್ಲ ಅಲ್ವಾ?

ಬರೀ ಸಂತೋಷಕ್ಕೆ ಇದನ್ನೆಲ್ಲ ಮಾಡಿ ಅಂತ ಹೇಳುತ್ತಿಲ್ಲ. ನಕಲಿ ನಾಣ್ಯದ ವಿಷಯಕ್ಕೆ ಬನ್ನಿ. ಜರ್ಮನಿಯ ಕಾರ್ಲ್ ವಿಲ್‌ಹೆಲ್ಮ್ ಬೆಕರ್ (1772–1830) ಮಾಡಿದ ನಕಲಿಗಳು ಆ ಕಾಲದ ದೊಡ್ಡ ದೊಡ್ಡ ಜ್ಞಾನಿಗಳನ್ನೇ ಏಮಾರಿಸಿದ್ದವು. ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಹಾಕಿ, ಗಾಡಿಗೆ ಕಟ್ಟಿ, ಕುಲುಕುವ ದಾರಿಯಲ್ಲಿ ಓಡಾಡಿಸುತ್ತಿದ್ದ, ಹಳೇದರಂತೆ ಸವೆಯಲಿ ಎಂದು. ಅವನ ಅಚ್ಚುಗಳು ಈಗ ಬರ್ಲಿನ್ನಿನ ಮ್ಯೂಸಿಯಂನಲ್ಲಿವೆ. ಈಗ ಇನ್ನೊಂದು ಸಂಗತಿ ನೋಡಿ. ವೆನಿಸ್‌ನ ಕವಿ ಅಪೊಸ್ತೋಲೋ ಝೇನೋ ತನ್ನ ನಾಣ್ಯಗಳನ್ನು 1747ರಲ್ಲಿ ಆಸ್ಟ್ರಿಯಾದ ಸೇಂಟ್ ಫ್ಲೋರಿಯನ್ ಮಠಕ್ಕೆ ಮಾರಿದ. ಇನ್ನೂರು ವರ್ಷ ಅವು ಮಠದಲ್ಲೇ ಇದ್ದು, 1955ರಿಂದ 57ರ ಒಳಗೆ ವಿಯೆನ್ನಾದಲ್ಲಿ ಹರಾಜಾದವು. ಆ ಹರಾಜಿನ ಪುಸ್ತಕದಲ್ಲಿ ನಿಮ್ಮ ನಾಣ್ಯದ ಚಿತ್ರ ಸಿಕ್ಕಿತು ಅಂದುಕೊಳ್ಳಿ. ಝೇನೋ ಅದನ್ನು ಮಾರಿದಾಗ ಬೆಕರ್ ಹುಟ್ಟೇ ಇರಲಿಲ್ಲ! ಒಂದು ಅನುಮಾನ ಅಲ್ಲಿಗೇ ಮುಗಿಯಿತು. ಪಡುವಾ ಊರಿನ ಜೊವಾನ್ನಿ ಕವೀನೋ 1500ರ ದಶಕಗಳಲ್ಲೇ ರೋಮನ್ ಶೈಲಿಯ ದೊಡ್ಡ ಕಂಚಿನ ಬಿಲ್ಲೆಗಳನ್ನು ಮಾಡಿದ್ದ, ಅವನ ವಿಷಯಕ್ಕೆ ಈ ವಾದ ನಡೆಯುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಆದರೆ 1747ರ ಆಮೇಲೆ ಬಂದ ಎಲ್ಲ ನಕಲಿಗಾರರಿಂದ ಆ ನಾಣ್ಯ ಪಾರು.

ಇನ್ನೊಂದು ಉಪಯೋಗವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ದೊಡ್ಡ ಕಂಚಿನ ನಾಣ್ಯಗಳನ್ನು, ಅದರಲ್ಲೂ ಸೆಸ್ಟರ್ಟಿಯಸ್‌ಗಳನ್ನು, ಉಳಿ ಹಿಡಿದು ಮತ್ತೆ ಕೆತ್ತುವವರಿದ್ದಾರೆ. ಸವೆದುಹೋದ ಕೂದಲಿಗೆ ಗೆರೆ ಬರುತ್ತದೆ, ಮಾಸಿದ ಅಕ್ಷರ ಎದ್ದು ನಿಲ್ಲುತ್ತದೆ, ಬೆಲೆ ಏರುತ್ತದೆ. ನಾಣ್ಯ ಅಸಲಿಯೇ, ಆದರೆ ಅದರ ಮೇಲಿರುವ ಮುಖ ಮೊನ್ನೆ ಮೊನ್ನೆ ಕೆತ್ತಿದ್ದು. ಹಳೇ ಕ್ಯಾಟಲಾಗ್‌ನಲ್ಲಿ ಅದೇ ನಾಣ್ಯ ಕೂದಲಿಲ್ಲದೆ, ನುಣ್ಣಗೆ ಕಂಡರೆ ಗುಟ್ಟು ಬಯಲಾಗುತ್ತದೆ.

ಇಷ್ಟೆಲ್ಲ ಸಾಧ್ಯವಿದ್ದರೂ ಮಾಹಿತಿ ಹಾಳಾಗುವುದು ಯಾವಾಗ ಗೊತ್ತಾ? ಕೈ ಬದಲಾಗುವ ಆ ಗಳಿಗೆಯಲ್ಲಿ. ಹಳೇ ಸಂಗ್ರಹಕಾರರು ನಾಣ್ಯಗಳನ್ನು ಮರದ ಪೆಟ್ಟಿಗೆಯ ಅರೆಗಳಲ್ಲಿ ಇಡುತ್ತಿದ್ದರು. ಪ್ರತಿ ನಾಣ್ಯದ ಕೆಳಗೆ ದುಂಡಗೆ ಕತ್ತರಿಸಿದ ಒಂದು ಕಾಗದದ ಚೀಟಿ. ಅದರಲ್ಲಿ ಮಸಿಯಿಂದ ಸಣ್ಣ ಅಕ್ಷರದಲ್ಲಿ ಎಲ್ಲಿ ಕೊಂಡದ್ದು, ಯಾವ ವರ್ಷ, ಯಾರಿಂದ, ಎಷ್ಟು ಕೊಟ್ಟೆ ಎಂದು ಬರೆದಿರುತ್ತಿತ್ತು. ಆ ಕೈಬರಹ ನೋಡಿಯೇ ಇದು ಇಂಥವರ ಚೀಟಿ ಎಂದು ಹೇಳುವವರಿದ್ದಾರೆ. ಸಂಗ್ರಹ ಮಾಡಿದವರು ತೀರಿಕೊಂಡ ಮೇಲೆ ಮನೆಯವರು ಅದನ್ನು ವ್ಯಾಪಾರಿಗೆ ಕೊಡುತ್ತಾರೆ. ವ್ಯಾಪಾರಿ ನಾಣ್ಯಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹೊಸ ಲೇಬಲ್ ಅಂಟಿಸುತ್ತಾನೆ. ಹಳೇ ಚೀಟಿ ಕಸದ ಬುಟ್ಟಿಗೆ. ನಾನು ಕೊಂಡ ಒಂದು ಡೆನೇರಿಯಸ್ (ರೋಮನ್ ಬೆಳ್ಳಿ ನಾಣ್ಯ) ವಿಷಯದಲ್ಲಿ ಆದದ್ದು ಇದೇ. ಚೀಟಿ ಏನಾಯಿತು ಅಂತ ಕೇಳಿದೆ. ಹಳದಿ ಬಿದ್ದಿದ್ದವು, ನೋಡೋಕೆ ಚೆನ್ನಾಗಿರಲಿಲ್ಲ, ತೆಗೆದುಹಾಕಿದೆವು ಎಂಬ ಉತ್ತರ ಬಂತು. ಒಂದು ಇಡೀ ಪೆಟ್ಟಿಗೆಯ ಚೀಟಿಗಳು! ಆಮೇಲೆ ಹುಡುಕುತ್ತಾ ಹೋದಾಗ 1930ರ ದಶಕದ ಒಂದು ಹರಾಜು ಪುಸ್ತಕದಲ್ಲಿ ನನ್ನ ನಾಣ್ಯದ ಚಿತ್ರ ಸಿಕ್ಕಿತು. ರೋಮಾ ದೇವತೆಯ ತಲೆಯ ಹಿಂದೆ ಅದೇ ಪುಟ್ಟ ಮುದ್ರೆ, ಬಲ ಮೇಲ್ಭಾಗದಲ್ಲಿ ಅದೇ ಸೀಳು. ನನಗೆ ಆದ ಆನಂದ ಅಷ್ಟಿಷ್ಟಲ್ಲ. ಆದರೆ ಆ ಹರಾಜಿಗೂ ನನಗೂ ನಡುವೆ ಯಾರಿದ್ದರು ಅನ್ನುವುದು ಆ ಚೀಟಿಯ ಜೊತೆಗೇ ಹೋಯಿತು. ಅದೇ ಪೆಟ್ಟಿಗೆಯಲ್ಲಿದ್ದ ಉಳಿದ ನಾಣ್ಯಗಳು ಬೇರೆ ಬೇರೆ ಕಡೆ ಚದುರಿಹೋಗಿವೆ. ಅವು ಒಂದೇ ಮನೆಯಿಂದ ಬಂದವು ಎಂದು ಹೇಳುವ ಯಾವ ಕುರುಹೂ ಈಗ ಇಲ್ಲ.

ನನಗೆ ಪುಸ್ತಕದಲ್ಲಿ ಚಿತ್ರ ಸಿಕ್ಕಿದ್ದು ಅದೃಷ್ಟ. ಹಳೇ ಹರಾಜುಗಳಲ್ಲಿ ಚಿತ್ರ ಹಾಕುತ್ತಿದ್ದುದು ಒಳ್ಳೊಳ್ಳೆಯ ನಾಣ್ಯಗಳಿಗೆ ಮಾತ್ರ. ಸಾಮಾನ್ಯ ನಾಣ್ಯಗಳನ್ನೆಲ್ಲ ಒಟ್ಟು ಸೇರಿಸಿ, ವಿವಿಧ ಡೆನೇರಿಯಸ್‌ಗಳು, ಇಷ್ಟು ಸಂಖ್ಯೆ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಿದ್ದರು. ಹಾಗಾಗಿ ಸಾಧಾರಣ ನಾಣ್ಯಕ್ಕೆ ಚೀಟಿ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ದುಬಾರಿ ನಾಣ್ಯದ ಚೀಟಿಯನ್ನಾದರೂ ಯಾರಾದರೂ ಜೋಪಾನ ಮಾಡುತ್ತಾರೆ. ಅಗ್ಗದ ನಾಣ್ಯದ ಚೀಟಿಗೆ ಯಾರೂ ದಿಕ್ಕಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಸಂಕಟ ಇದರದ್ದೇ.

ಈಗ ಸುಳ್ಳು ಇತಿಹಾಸದ ಮಾತು. ಹಳೇ ಮಾಲೀಕರ ಹೆಸರಿದ್ದರೆ ಬೆಲೆ ಏರುತ್ತದೆ. ಬೆಲೆ ಏರುವ ಕಡೆ ಮೋಸವೂ ಬರುತ್ತದೆ. ಸೀಸರನನ್ನು ಕೊಂದ ಬ್ರೂಟಸ್ ಕ್ರಿ.ಪೂ. 42ರ ಹೊತ್ತಿಗೆ ಹೊಡೆಸಿದ ನಾಣ್ಯ ಒಂದಿದೆ. ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮರ ಟೋಪಿ. ಚಿನ್ನದಲ್ಲಿ ಅಂಥವು ಮೂರೇ ಗೊತ್ತಿರುವುದು. ಅದರಲ್ಲಿ ಒಂದು 2020ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 32 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಒಬ್ಬ ಬ್ಯಾರನ್‌ನ ಹಳೇ ಸಂಗ್ರಹದಿಂದ ಬಂದದ್ದು ಎಂದು ಕಾಗದಪತ್ರವೂ ಇತ್ತು. ಆ ಇತಿಹಾಸ ಕಟ್ಟುಕತೆ ಎಂದು ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್ ಪ್ರಾಸಿಕ್ಯೂಟರ್ ಕಚೇರಿ ಹೇಳಿತು. 2023ರ ಜನವರಿಯಲ್ಲಿ ಹರಾಜು ಸಂಸ್ಥೆಯ ಮಾಲೀಕನ ಬಂಧನವಾಯಿತು. ಅದೇ ಮಾರ್ಚ್‌ನಲ್ಲಿ ನಾಣ್ಯ ಗ್ರೀಸ್‌ಗೆ ವಾಪಸ್ ಹೋಯಿತು. ಅಷ್ಟು ಸುದ್ದಿಯಾದ ನಾಣ್ಯಕ್ಕೇ ಹೀಗಾದರೆ ಸಣ್ಣಪುಟ್ಟ ನಾಣ್ಯಗಳ ಕತೆ ಏನು? "ಹಳೇ ಯುರೋಪಿಯನ್ ಸಂಗ್ರಹದಿಂದ", "ಒಬ್ಬ ಸಜ್ಜನರ ಸ್ವತ್ತು" ಎಂದೆಲ್ಲ ಬರೆದಿರುತ್ತಾರೆ. ಇವು ಏನನ್ನೂ ಹೇಳುವುದಿಲ್ಲ. ಹೆಸರು, ವರ್ಷ, ಪುಸ್ತಕದ ಪುಟ, ನಾಣ್ಯದ ಸಂಖ್ಯೆ ಇಲ್ಲದಿದ್ದರೆ ಅದು ಸುಮ್ನೆ ಮಾತು ಅಷ್ಟೇ.

ಬೊಸ್ಕೊರಿಯಾಲೆ ಎಂಬ ಹೆಸರಿನ ಬಳಕೆಯೂ ಹೀಗೇ ಆಗಿದೆ. 1895ರಲ್ಲಿ ಪಾಂಪೇಯಿ ಹತ್ತಿರದ ಆ ಜಾಗದ ತೋಟದ ಮನೆಯಲ್ಲಿ ಬೆಳ್ಳಿ ಪಾತ್ರೆಗಳ ಜೊತೆ ಸಾವಿರಕ್ಕೂ ಹೆಚ್ಚು ಚಿನ್ನದ ನಾಣ್ಯ ಸಿಕ್ಕವು. ಪಾತ್ರೆಗಳಲ್ಲಿ ಹೆಚ್ಚಿನವು ಲೂವ್ರ್ ಮ್ಯೂಸಿಯಂ ಸೇರಿದವು, ನಾಣ್ಯಗಳು ಮಾರುಕಟ್ಟೆಯಲ್ಲಿ ಚದುರಿದವು. ಆ ನಾಣ್ಯಗಳಲ್ಲಿ ಕೆಂಪು ಛಾಯೆ ಕಾಣುತ್ತದೆ ಎಂಬ ಮಾತಿದೆ. ಅದನ್ನೇ ಹಿಡಿದುಕೊಂಡು ಕೆಂಪಗಿರುವ ಔರಿಯಸ್‌ಗೆಲ್ಲ ಬೊಸ್ಕೊರಿಯಾಲೆ ಬಣ್ಣ ಎಂದು ಬರೆದು ಮಾರುತ್ತಾರೆ. ಬಣ್ಣ ನೋಡಿ ಹುಟ್ಟಿದೂರು ಹೇಳುವುದು ಸರಿಯಲ್ಲ. ಕಾಗದ ಇದ್ದರೆ ತೋರಿಸಲಿ, ಇಲ್ಲದಿದ್ದರೆ ಆ ಹೆಸರು ಎತ್ತುವುದೇ ಬೇಡ.

ನೆಲದಿಂದ ಎದ್ದ ಜಾಗದ ಮಾಹಿತಿ ಉಳಿದರೆ ಏನು ಸಿಗುತ್ತದೆ ಎಂಬುದನ್ನೂ ಹೇಳಲೇಬೇಕು. 2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಹತ್ತಿರ ಲೋಹ ಶೋಧಕ ಹಿಡಿದು ಹೊರಟಿದ್ದ ಒಬ್ಬರಿಗೆ ಹೂತಿಟ್ಟ ಮಡಕೆ ಸಿಕ್ಕಿತು. ಅವರು ಪೂರ್ತಿ ಅಗೆಯದೆ ಪುರಾತತ್ವದವರನ್ನು ಕರೆದರು. ಪದರ ಪದರವಾಗಿ ಬಿಡಿಸಿದಾಗ ಒಳಗೆ 52,503 ನಾಣ್ಯ. ಅವುಗಳಲ್ಲಿ ಕಡೇ ಕಾಲದ್ದು ಬ್ರಿಟನ್ ಆಳಿದ ಕರೌಸಿಯಸ್‌ನವು, ಅಂದರೆ 286ರಿಂದ 293ರ ನಡುವಿನವು. ಅವುಗಳಲ್ಲಿ ಹೆಚ್ಚಿನವು ಮಡಕೆಯ ಬಾಯಲ್ಲಿ ಇರಲಿಲ್ಲ, ಒಳಗೆ ಕೆಳಗಡೆ ಇದ್ದವು. ಹಾಗಿದ್ದರೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೂಡಿಟ್ಟ ಹಣ ಅಲ್ಲ ಅದು, ಒಂದೇ ಸಲಕ್ಕೆ ತುಂಬಿ ಹೂತದ್ದು. ಯಾವ ನಾಣ್ಯ ಯಾವ ಪದರದಲ್ಲಿತ್ತು ಎಂದು ಬರೆದಿಟ್ಟಿದ್ದರಿಂದಲೇ ಇದು ಗೊತ್ತಾಯಿತು. ಇದರ ಎದುರಿಗೆ 1922ರಲ್ಲಿ ಫ್ರಾನ್ಸ್‌ನ ಅರಾಸ್ ಬಳಿ ಬೋರೆನ್‌ನಲ್ಲಿ ಆದದ್ದನ್ನು ಇಟ್ಟು ನೋಡಿ. ಇಟ್ಟಿಗೆಗೆ ಮಣ್ಣು ತೆಗೆಯುತ್ತಿದ್ದ ಕೂಲಿಯವರಿಗೆ ಚಿನ್ನದ ನಿಧಿ ಸಿಕ್ಕಿತು. ಹೆಣ್ಣಿನ ರೂಪದ ಲಂಡನ್ ನಗರ ರೋಮನ್ ದೊರೆ ಕಾನ್ಸ್ಟಾಂಟಿಯಸ್‌ನನ್ನು ಮಂಡಿಯೂರಿ ಬರಮಾಡಿಕೊಳ್ಳುವ ಪ್ರಸಿದ್ಧ ಚಿನ್ನದ ಪದಕ ಇದ್ದದ್ದು ಅಲ್ಲೇ. ನಿಧಿ ಕೂಡಲೇ ಹಂಚಿಹೋಯಿತು. ಅದರಲ್ಲಿ ಏನೇನಿತ್ತು ಎಂದು ಹರಾಜು ಪುಸ್ತಕ, ಮ್ಯೂಸಿಯಂ ದಾಖಲೆ ಎಲ್ಲ ಸೋಸಿ ಪಟ್ಟಿ ಮಾಡಿದ ಪುಸ್ತಕ ಬಂದದ್ದು 1977ರಲ್ಲಿ. ಅರ್ಧ ಶತಮಾನ ಹಿಡಿಯಿತು! ಆ ಕೆಲಸವಾದರೂ ಸಾಧ್ಯವಾದದ್ದು ನಡುವೆ ಕೊಂಡವರು, ಮಾರಿದವರು ಬರೆದಿಟ್ಟಿದ್ದರಿಂದ.

ಮಾರುವವರ ಹೆಸರು ಗುಟ್ಟಾಗಿರಬೇಕು, ಕಳ್ಳರ ಭಯ ಇದೆ, ಅದಕ್ಕೇ ಹಾಕುವುದಿಲ್ಲ ಎಂದು ವ್ಯಾಪಾರಿಗಳು ಹೇಳುತ್ತಾರೆ. ಬದುಕಿರುವವರ ಹೆಸರು ಬೇಡ, ಒಪ್ಪುತ್ತೇನೆ. ಆದರೆ ಆ ಮನುಷ್ಯ ಅದನ್ನು ಯಾವ ವರ್ಷ, ಯಾವ ಹರಾಜಿನಲ್ಲಿ ಕೊಂಡ ಎಂದು ಹಾಕೋಕೆ ಏನು ಅಡ್ಡಿ? ಅದರಿಂದ ಯಾರ ಮನೆಯ ವಿಳಾಸವೂ ಹೊರಗೆ ಬರುವುದಿಲ್ಲ. ಕಾನೂನಿನ ದೃಷ್ಟಿಯಿಂದಲೂ ಇದು ಈಗ ಅಗತ್ಯ. ಕದ್ದ ಪುರಾತನ ವಸ್ತುಗಳ ಸಾಗಣೆ ತಡೆಯಲು ಯುನೆಸ್ಕೋ ಒಪ್ಪಂದ ಆದದ್ದು 1970ರಲ್ಲಿ. ಅದಕ್ಕೂ ಮೊದಲೇ ಸಂಗ್ರಹದಲ್ಲಿತ್ತು ಎಂದು ತೋರಿಸುವ ಒಂದು ಹಳೇ ರಸೀದಿ, ಒಂದು ಚೀಟಿ ಇದ್ದರೆ ಆ ನಾಣ್ಯದ ಮೇಲೆ ಅನುಮಾನ ಬರುವುದು ಬಹಳ ಕಡಿಮೆ. ಕಾಗದ ಇಲ್ಲದ ಪ್ರಾಮಾಣಿಕ ನಾಣ್ಯಕ್ಕೂ, ಮೊನ್ನೆ ರಾತ್ರಿ ಕದ್ದು ಅಗೆದ ನಾಣ್ಯಕ್ಕೂ ವ್ಯತ್ಯಾಸ ತೋರಿಸುವುದು ಹೇಗೆ ಹೇಳಿ?

ಸಂಗ್ರಹ ಮಾಡುವ ಓದುಗರಿಗೆ ನನ್ನ ವಿನಂತಿ ಇಷ್ಟೇ. ಕೊಳ್ಳುವ ಮೊದಲು ಕೇಳಿ. ಉತ್ತರ ಬಾರದಿದ್ದರೂ ಕೇಳಿ, ಹತ್ತು ಜನ ಕೇಳಿದರೆ ವ್ಯಾಪಾರಿ ಹನ್ನೊಂದನೆಯವರಿಗಾಗಿ ಚೀಟಿ ತೆಗೆದಿಡುತ್ತಾನೆ. ಚೀಟಿ ಬಂದರೆ ನಾಣ್ಯದ ಪಕ್ಕದಲ್ಲೇ ಇಟ್ಟು ಒಟ್ಟಿಗೆ ಫೋಟೋ ತೆಗೆಯಿರಿ, ಎರಡೂ ಬೇರೆಯಾದರೂ ಫೋಟೋ ಉಳಿಯುತ್ತದೆ. ನಿಮ್ಮದೂ ಒಂದು ಚೀಟಿ ಬರೆಯಿರಿ, ಕೊಂಡ ದಿನ ಹಾಕಿ, ಮಾರಿದವರ ಹೆಸರು ಹಾಕಿ, ತೂಕ ಹಾಕಿ. ರಸೀದಿಯನ್ನು ಎಸೆಯಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಈ ಕಾಗದಗಳು ನಾಣ್ಯದಷ್ಟೇ ಮುಖ್ಯ ಎಂದು ಹೇಳಿಡಿ, ಯಾಕೆಂದರೆ ನಿಮ್ಮ ನಂತರ ಪೆಟ್ಟಿಗೆ ತೆರೆಯುವವರು ಅವರೇ.

ಪತ್ರಿಕೆಗೂ ಒಂದು ಕೋರಿಕೆ ಇದೆ. ಮುಂದಿನ ಸಲ ಇಂಥ ನಾಣ್ಯ ಕೋಟಿಗಟ್ಟಲೆಗೆ ಹೋಯಿತು ಎಂಬ ಸುದ್ದಿ ಬಂದಾಗ, ಬೆಲೆಯ ಪಕ್ಕದಲ್ಲಿ ಒಂದು ಸಾಲು ಸೇರಿಸಿ. ಇದಕ್ಕೂ ಮೊದಲು ಎಲ್ಲಿತ್ತು, ಎಂದಿನಿಂದ ದಾಖಲೆ ಇದೆ ಎಂದು ಬರೆಯಿರಿ. ದಾಖಲೆ ಕೊಟ್ಟಿಲ್ಲ ಎಂದಾದರೆ ಕೊಟ್ಟಿಲ್ಲ ಎಂದೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ